ದಾರಿ ಕೇಳಬಾರದ ಆಟ

ನನಗೆ ದಿಕ್ಕು ತಿಳಿಯುವುದಿಲ್ಲ. ಇದನ್ನು ಹೀಗೆ ಮೂರು ಶಬ್ದಗಳಲ್ಲಿ ಹೇಳಿ ಮುಗಿಸಬಹುದೆಂದು ಗೊತ್ತಾಗುವಷ್ಟರಲ್ಲಿ ನನಗೆ ನಲವತ್ತನಾಲ್ಕು ವರ್ಷ ತುಂಬಿತ್ತು. ಬೇರೆಯವರಿಗಾದರೆ ಇದೊಂದು ಸಣ್ಣ ಕೊರತೆ. ಕೆಲವರಿಗೆ ಹಾಡಲು ಬರುವುದಿಲ್ಲ, ಕೆಲವರಿಗೆ ಈಜಲು ಬರುವುದಿಲ್ಲ, ಹಾಗೆಯೇ ಇದೂ ಒಂದು ಎಂದು ಬಿಡಬಹುದಿತ್ತು. ಆದರೆ ನಾನು ನವಲಗುಂದ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಭೂಗೋಳದ ಮಾಸ್ತರನಾಗಿದ್ದೆ.

ತರಗತಿಯಲ್ಲಿ ಇದರಿಂದ ಹೆಚ್ಚಿನ ತೊಂದರೆಯಾಗಲಿಲ್ಲ. ಗೋಡೆಗೆ ತೂಗುಹಾಕಿದ ನಕ್ಷೆಯಲ್ಲಿ ಉತ್ತರ ದಿಕ್ಕು ಯಾವಾಗಲೂ ಮೇಲೆ, ಅಂದರೆ ಹಂಚಿನ ಕಡೆಗೆ ಇರುತ್ತದೆ. ನಕ್ಷೆಯಿಂದ ಕೆಳಗಿಳಿದು ನೆಲದ ಮೇಲೆ ಉತ್ತರವನ್ನು ತೋರಿಸಬೇಕಾಗಿ ಬಂದಾಗ ಮಾತ್ರ ನಾನು ಗಂಭೀರನಾಗಿ, "ಉತ್ತರ ಯಾವ ಕಡೆ? ಎಲ್ಲಾರೂ ಕೈ ಮಾಡ್ರಿ" ಎನ್ನುತ್ತಿದ್ದೆ. ಎಲ್ಲರೂ ಒಕ್ಕಲುತನದವರ ಮಕ್ಕಳು. ನಲವತ್ತು ಬೆರಳು ಒಂದೇ ಕಡೆಗೆ ಹೋಗುತ್ತಿದ್ದವು. ನಾನು ಅವನ್ನೊಮ್ಮೆ ಪರೀಕ್ಷಿಸಿದಂತೆ ನೋಡಿ, "ಬರೋಬ್ಬರಿ, ಇಳಸ್ರಿ" ಎನ್ನುತ್ತಿದ್ದೆ. ಪ್ರತಿ ವರ್ಷ ಎಂಟನೆಯ ಇಯತ್ತೆಯವರು ನನಗೆ ಇದನ್ನು ಹೊಸದಾಗಿ ಕಲಿಸುತ್ತಿದ್ದರು, ಪ್ರತಿ ವರ್ಷ ನಾನು ಮರೆಯುತ್ತಿದ್ದೆ.

ಕಷ್ಟವಿದ್ದದ್ದು ಮನೆಯಲ್ಲಿ. ನನ್ನ ಹೆಂಡತಿ ಶಾಂತಾ ಶಲವಡಿಯ ಒಕ್ಕಲು ಮನೆತನದ ಮಗಳು. ಆ ಮನೆತನದಲ್ಲಿ ಎಡ, ಬಲ ಎಂಬ ಶಬ್ದಗಳು ಊಟದ ಕೈ ಯಾವುದೆಂದು ಮಕ್ಕಳಿಗೆ ಕಲಿಸುವಾಗ ಮಾತ್ರ ಬೇಕಾಗುತ್ತವೆ. ಉಳಿದದ್ದಕ್ಕೆಲ್ಲ ದಿಕ್ಕು. "ಉಪ್ಪಿನ ಡಬ್ಬಿ ಬಡಗಲ ಗೋಡಿ ಮಾಡದಾಗ ಐತಿ ನೋಡ್ರಿ, ಪಡುವಲ ಬಾಜೂಕ" ಎಂದು ಒಲೆಯ ಮುಂದೆ ಕುಳಿತು ಹೇಳುತ್ತಾಳೆ. ಒಮ್ಮೆ ನನ್ನ ಮೂಡಲ ಭುಜದ ಮೇಲೆ ಇರುವೆ ಇದೆ ಎಂದಿದ್ದಳು. ಭುಜಗಳಿರುವುದು ಎರಡೇ ಆದ್ದರಿಂದ ಎರಡನ್ನೂ ಕೊಡವಿಕೊಂಡು ಪಾರಾದೆ. ಅಡುಗೆಮನೆಗೆ ಗೋಡೆಗಳು ನಾಲ್ಕು, ಗೋಡೆಯೊಳಗಿನ ಗೂಡುಗಳಾದ ಮಾಡಗಳು ಏಳು. ನಾನು ನಡುವೆ ನಿಂತು, ಗದ್ದಕ್ಕೆ ಕೈ ಹಚ್ಚಿ, ಎಲ್ಲ ಮಾಡಗಳನ್ನೂ ಕಣ್ಣಲ್ಲೇ ತಡಕುತ್ತಿದ್ದೆ. ಕೇಳಿದರೆ ಒಂದು ಕ್ಷಣದ ಕೆಲಸ. ಆದರೆ ಏಳನೆಯ ಇಯತ್ತೆ ಓದಿದ ಹೆಂಡತಿಯನ್ನು ಭೂಗೋಳದ ಮಾಸ್ತರನು ಬಡಗಲು ಯಾವ ಕಡೆ ಎಂದು ಕೇಳುವುದು ಹೇಗೆ? ಹದಿನೆಂಟು ವರ್ಷ ಕೇಳಲಿಲ್ಲ. ರಾತ್ರಿ ತಲೆಯನ್ನು ಉತ್ತರಕ್ಕೆ ಹಾಕಿ ಮಲಗಬಾರದೆನ್ನುತ್ತಾರೆ. ಹಾಸಿಗೆ ಹಾಸುವವಳು ಅವಳಾದ್ದರಿಂದ ನಾನು ಬದುಕಿದ್ದೇನೆ.

ನಮ್ಮ ಕಡೆಯ ಹಳೆಯ ಶಾಸನಗಳನ್ನು ನೋಡಿದಾಗಲೂ ನನಗೆ ಎದೆ ಹಾರುತ್ತದೆ. ಯಾವನೋ ದೊರೆ ಯಾವುದೋ ಗುಡಿಗೆ ಭೂಮಿ ಕೊಟ್ಟ ಮೇಲೆ, ಆ ಭೂಮಿಗೆ ಮೂಡಲು ಇಂಥ ಕಲ್ಲು, ತೆಂಕಲು ಇಂಥ ಹಳ್ಳ ಎಂದು ಗಡಿ ಹೇಳದೆ ಬಿಡುವುದಿಲ್ಲ. ಸಾವಿರ ವರ್ಷದಿಂದ ಇಲ್ಲಿಯ ಕಲ್ಲಿಗೂ ದಿಕ್ಕು ಗೊತ್ತು. ನನಗೆ ಮಾತ್ರ ಗೊತ್ತಿಲ್ಲ ಎಂಬುದನ್ನು ಈ ನೆಲದ ಮೇಲೆ ನಿಂತು ಹೇಳಿಕೊಳ್ಳಲು ಬಾಯಿ ಬರಲಿಲ್ಲ.

ಹೀಗಿರುವಾಗ ಎಂಬತ್ತರ ದಶಕದ ನಡುವಿನ ಒಂದು ಚಳಿಗಾಲ, ನಮ್ಮ ಡ್ರಿಲ್ ಮಾಸ್ತರರು ಎಲ್ಲಿಯೋ ತರಬೇತಿ ಶಿಬಿರಕ್ಕೆ ಹೋಗಿ ಒಂದು ಹೊಸ ಆಟ ಕಲಿತು ಬಂದರು. ಓರಿಯಂಟಿಯರಿಂಗ್ ಎಂದು ಹೆಸರು. ಆ ಹೆಸರು ಊರಿನ ಯಾರ ಬಾಯಲ್ಲೂ ತಿರುಗದೆ, ಬಾವುಟ ಹುಡುಕುವ ಆಟ ಎಂದಾಯಿತು. ಅಲ್ಲಲ್ಲಿ ಕೆಂಪು ಬಿಳಿ ಬಾವುಟ ನೆಟ್ಟಿರುತ್ತಾರೆ. ಕೈಯಲ್ಲಿ ಒಂದು ನಕ್ಷೆ ಕೊಡುತ್ತಾರೆ. ನಕ್ಷೆ ನೋಡಿಕೊಂಡು ಬಾವುಟ ಹುಡುಕಿ, ಅದಕ್ಕೆ ಕಟ್ಟಿದ ರಟ್ಟಿನ ಮೇಲಿನ ಅಕ್ಷರ ಬರೆದುಕೊಂಡು ಬರಬೇಕು. ಸಣ್ಣವರು, ಮುದುಕರು, ಹೆಂಗಸರು, ಎಲ್ಲರೂ ಆಡಬಹುದು. ಒಂದೇ ನಿಯಮ: ಯಾರನ್ನೂ ದಾರಿ ಕೇಳಬಾರದು.

"ದಾರಿ ಗೊತ್ತಿದ್ದವರಿಗೆ ದಾರಿ ಹುಡುಕೂ ಆಟ ಯಾಕ್ರಿ?" ಎಂದು ಹೆಡ್ ಮಾಸ್ತರರು ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೂ ಶಾಲೆ ಮತ್ತು ಊರು ಕೂಡಿ ಆಡುವ ಆಟ ಎಂಬ ಮಾತಿಗೆ ಅವರು ಒಪ್ಪಿದರು. ಇಬ್ಬಿಬ್ಬರು ಜೋಡಿಯಾಗಿ ಆಡಬೇಕು, ಜೋಡಿಯಲ್ಲಿ ಒಬ್ಬರು ಶಾಲೆಯವರು, ಒಬ್ಬರು ಊರವರು ಇರಬೇಕೆಂದು ಗೊತ್ತುಮಾಡಿದರು. ಹುಡುಗರು ಅಜ್ಜಂದಿರನ್ನು ಎಳೆದು ತಂದರು. ಎಪ್ಪತ್ತು ದಾಟಿದ ನೀಲವ್ವಜ್ಜಿ ಮೊಮ್ಮಗಳ ಜೊತೆ ಹೆಸರು ಬರೆಸಿದಳು. ಭೂಗೋಳದ ಮಾಸ್ತರನು ಆಡದಿದ್ದರೆ ಹೇಗೆಂದು ಎಲ್ಲರೂ ನನ್ನ ಕಡೆ ನೋಡಿದರು. ಶಾಂತಾ ಹೊಸ ಸೀರೆ ಉಟ್ಟು ಸಿದ್ಧಳಾದಳು. "ನೀವ ಇದ್ದೀರಂದ ಮ್ಯಾಲೆ ನನಗೇನು ಚಿಂತಿ" ಎಂದಳು. ಆ ಮಾತಿನಿಂದ ನನ್ನ ಚಿಂತೆ ಇಮ್ಮಡಿಯಾಯಿತು. ಆಟದಲ್ಲಿ ಸೋಲುವುದು ದೊಡ್ಡದಲ್ಲ. ಹದಿನೆಂಟು ವರ್ಷದ ಗುಟ್ಟು ಅವಳೆದುರು ಬಯಲಾಗುತ್ತಿತ್ತು.

ಶಾಲೆಯಲ್ಲಿ ಇದ್ದದ್ದು ಒಂದೇ ದಿಕ್ಸೂಚಿ. ಅದನ್ನು ಡ್ರಿಲ್ ಮಾಸ್ತರರು ನಕ್ಷೆ ಬರೆಯಲು ಬಳಸಿ, ಮತ್ತೆ ಗಾಜಿನ ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದರು. ಅಂದು ಮೋಡ ಮುಚ್ಚಿ ಸೂರ್ಯನೂ ಇರಲಿಲ್ಲ. ಬಾವುಟಗಳು ಐದು: ಎರಡು ಊರೊಳಗೆ, ಮೂರು ಹೊಲಗಳಲ್ಲಿ.

ಊರೊಳಗಿನ ಎರಡನ್ನು ನನ್ನ ತರಗತಿಯ ಉಪಾಯದಿಂದಲೇ ಗೆದ್ದೆ. "ನಕ್ಷೆದಾಗ ಇದು ಚಾವಡಿ. ಚಾವಡಿಯಿಂದ ತೆಂಕಲಕ ಹೋಗಬೇಕು. ಯಾವ ಕಡೆ, ನೀನ ಹೇಳು ನೋಡೂಣು" ಎನ್ನುವುದು. ಅವಳು ಕೈ ತೋರಿಸಿದ ಕಡೆ ನಡೆಯುವುದು. ಎರಡು ಅಕ್ಷರ ಸಿಕ್ಕವು.

ಮೂರನೆಯದಕ್ಕೆ ಊರು ಬಿಟ್ಟು ಹೊಲಕ್ಕೆ ಇಳಿದೆವು. ಬಿಳಿಜೋಳ ನಮ್ಮ ತಲೆ ಮೀರಿ ಬೆಳೆದಿತ್ತು. ಬದುವು ಎರಡಾಗಿ ಒಡೆದ ಕಡೆ ಶಾಂತಾ ನಿಂತಳು. "ಎರಡೂ ಸಲ ನಾನ ಹೇಳೀನಿ. ಈ ಸಲ ನೀವ ಹೇಳ್ರಿ" ಎಂದಳು. ನಾನು ನಕ್ಷೆಯನ್ನು ಒಮ್ಮೆ ಹೀಗೆ, ಒಮ್ಮೆ ಹಾಗೆ ತಿರುಗಿಸಿದೆ. ಕಡೆಗೆ ಕಾಲಿಗೆ ಹತ್ತಿರವಾದ ಬದುವನ್ನು ಹಿಡಿದು, ಗೊತ್ತಿದ್ದವನ ಹಾಗೆ ನಡೆದೆ. ನಡೆದದ್ದು ಬಹಳ ಹೊತ್ತೇನಲ್ಲ. ಒಂದು ಬನ್ನಿ ಗಿಡ ಬಂತು. ನಕ್ಷೆಯಲ್ಲಿಯೂ ಬನ್ನಿ ಗಿಡವಿತ್ತು. ಆದರೆ ಬಾವುಟ ಇರಲಿಲ್ಲ. ನಾನು ಗಿಡವನ್ನು ಮೂರು ಸಲ ಸುತ್ತಿದೆ. ನೋಡಿದವರು ಹರಕೆ ಎಂದುಕೊಳ್ಳಬೇಕು.

"ಶಾಂತಾ, ನಾ ದಾರಿ ತಪ್ಪೀನಿ" ಎಂದೆ.

"ಇರಲಿ ಬಿಡ್ರಿ. ಜ್ವಾಳ ಎತ್ತರ ಐತಿ, ಯಾರಿಗಾದ್ರೂ ತಪ್ಪತೈತಿ."

ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅವಳು ಅಷ್ಟು ಸಹಜವಾಗಿ ನನ್ನನ್ನು ಕ್ಷಮಿಸಿದ್ದು ನೋಡಿ ನನಗೆ ನಾಚಿಕೆಯಾಯಿತು. "ಇವತ್ತಿನ ಮಾತಲ್ಲ. ನನಗ ದಿಕ್ಕು ತಿಳಿಯೂದಿಲ್ಲ. ಎಂದೂ ತಿಳಿದಿಲ್ಲ" ಎಂದೆ.

"ಮೂಡಲ ಯಾವ ಕಡೆ ಐತಿ?" ಎಂದು ಕೇಳಿದಳು. ನಾನು ಧೈರ್ಯ ಮಾಡಿ ಕೈ ಚಾಚಿದೆ. ಅವಳು ನನ್ನ ಮಣಿಕಟ್ಟು ಹಿಡಿದು ಹೆಚ್ಚುಕಡಿಮೆ ಅರ್ಧ ಸುತ್ತು ತಿರುಗಿಸಿ ಬಿಟ್ಟಳು.

"ಹಂಗಾರ ಅಡಗಿಮನ್ಯಾಗ ಅಷ್ಟೊತ್ತು ಯಾಕ ನಿಲ್ಲತಿದ್ರಿ?"

"ಯಾವ ಮಾಡ ಅಂತ ತಿಳೀತಿರಲಿಲ್ಲ."

"ನಾ ಏನೋ ದೊಡ್ಡ ವಿಚಾರದಾಗ ಇರ್ತೀರಿ ಅಂತ ತಿಳಕೊಂಡಿದ್ದೆ. ಗದ್ಲ ಮಾಡಬ್ಯಾಡ್ರಿ ಅಂತ ಹುಡುಗೂರನ್ನ ಹೊರಗ ಕಳಸ್ತಿದ್ದೆ. ನಮ್ಮವ್ವನ ಮುಂದನೂ ಹೇಳೀನಿ, ನಮ್ಮವರು ಉಪ್ಪು ತಗೋಳಾಕ ಬಂದ್ರೂ ವಿಚಾರ ಮಾಡಾಕ ನಿಲ್ಲತಾರ ಅಂತ."

ನನ್ನನ್ನು ಜಗತ್ತಿನಲ್ಲಿ ವಿಚಾರವಂತನೆಂದು ನಂಬಿದ್ದವಳು ಒಬ್ಬಳೇ, ಅವಳನ್ನೂ ಆ ಬನ್ನಿ ಗಿಡದ ಬುಡದಲ್ಲಿ ಕಳೆದುಕೊಂಡೆ. ಉಳಿದ ಎರಡು ಬಾವುಟಗಳ ಆಸೆ ಬಿಟ್ಟು, ಅವಳು ಮುಂದೆ, ನಾನು ಹಿಂದೆ, ಶಾಲೆಗೆ ಮರಳಿದೆವು.

ಶಾಲೆಯಲ್ಲಿ ಗದ್ದಲವೋ ಗದ್ದಲ. ಹೊಲದ ಮೂರೂ ಬಾವುಟಗಳು ಹೆಡ್ ಮಾಸ್ತರರ ಮೇಜಿನ ಮೇಲೆ ಬಿದ್ದಿದ್ದವು. ಅವುಗಳನ್ನು ಕಿತ್ತು ತಂದ ಹೊಲದ ಮಾಲಕರು ಸುತ್ತ ನಿಂತಿದ್ದರು. ನಮ್ಮ ಭಾಗಕ್ಕೆ ಕಾಲುವೆ ಬಂದ ಮೇಲೆ, ಹೊಲದಲ್ಲಿ ಕೆಂಪು ಬಿಳಿ ಬಾವುಟ ಕಂಡರೆ ಅರ್ಥ ಒಂದೇ: ಸರ್ವೇದವರು ಬಂದಿದ್ದರು, ಈ ಹೊಲದ ಮೇಲೆ ಹೊಸ ಕಾಲುವೆ ಹಾಯುತ್ತದೆ. ಆಟಕ್ಕೆಂದು ಬಾವುಟ ನೆಡುವವರೂ ಇರುತ್ತಾರೆಂದು ಹೊಲದಲ್ಲೇ ವಸತಿ ಮಾಡಿದವರಿಗೆ ಯಾರು ಹೇಳಬೇಕು? ಕಿತ್ತುಕೊಂಡು, ಅರ್ಜಿ ಬರೆಸಲು ನೇರ ಶಾಲೆಗೆ ಬಂದಿದ್ದರು. ಡ್ರಿಲ್ ಮಾಸ್ತರರು ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದರು.

ಹೀಗಾಗಿ ಎಲ್ಲ ಜೋಡಿಗಳಿಗೂ ಸಿಕ್ಕದ್ದು ಎರಡೇ ಅಕ್ಷರ. ಹೊಲಕ್ಕೆ ಇಳಿದ ಬೇರೆ ಜೋಡಿಗಳನ್ನು ಎಳೆಜೋಳದ ತೆನೆ ಸುಟ್ಟು ಸೀತನಿ ಮಾಡುತ್ತಿದ್ದವರು ಕರೆದು ಕೂಡಿಸಿಕೊಂಡಿದ್ದರು. ನೀಲವ್ವಜ್ಜಿ ಬೆಲ್ಲ ಹಚ್ಚಿಕೊಂಡು ಎರಡು ಬೊಗಸೆ ತಿಂದು, ತನಗೆ ಆಟ ಬಹಳ ಹಿಡಿಸಿತೆಂದು ಹೇಳಿದಳು. ಗೆದ್ದವರು ಯಾರೆಂದು ಹೇಗೆ ನಿರ್ಣಯಿಸುವುದು?

ಆಗ ಮುಂದೆ ಬಂದವನು ಬನ್ನಿ ಗಿಡದ ಹೊಲದ ಫಕ್ಕೀರಪ್ಪ. "ಬ್ಯಾರೇದವರದು ಗೊತ್ತಿಲ್ರಿ. ಭೂಗೋಳದ ಮಾಸ್ತರ ಮಾತ್ರ ಬಾವುಟ ಇದ್ದ ಜಾಗಾಕ ಅಗದಿ ಬರೋಬ್ಬರಿ ಬಂದಿದ್ರು. ನಾ ಆಗಷ್ಟ ಕಿತ್ತು ಜ್ವಾಳದಾಗ ನಿಂತಿದ್ದೆ. ಗಂಡ ಹೆಂಡ್ತಿ ಏನೋ ಮನಿ ಮಾತು ಆಡಾಕತ್ತಿದ್ರು, ನಡುವ ಹೋಗೂದು ಚಲೋ ಅಲ್ಲಂತ ಹಂಗ ಬಂದ್ಬಿಟ್ಟೆ" ಎಂದ.

ಜೀವಮಾನದಲ್ಲಿ ಮೊದಲ ಸಲ ನಾನು ಸರಿಯಾದ ಜಾಗದಲ್ಲಿ ನಿಂತಿದ್ದೆ, ಅಲ್ಲಿಯೇ ನಿಂತು ತಪ್ಪೊಪ್ಪಿಕೊಂಡಿದ್ದೆ. ಶಾಂತಾ ನನ್ನ ಬಾಜೂಕೆ ಬಂದು ಮೆಲ್ಲಗೆ, "ಇನ್ನೊಂದ ಗಳಿಗಿ ಸುಮ್ಮನಿದ್ದಿದ್ರ ಉಳೀತಿದ್ರಿ" ಎಂದಳು.

ಮೊದಲ ಬಹುಮಾನ ನಮಗೆ ಬಂತು, ಬಟ್ಟೆಯಲ್ಲಿ ಕಟ್ಟಿದ ಒಂದು ಗಂಟು. ಹುಡುಗರು ಚಪ್ಪಾಳೆ ತಟ್ಟಿದರು. ಯಾರನ್ನೂ ಕೇಳದೆ ದಾರಿ ಹೇಗೆ ಕಂಡುಹಿಡಿದಿರಿ, ಮಕ್ಕಳಿಗೆ ನಾಲ್ಕು ಮಾತು ಹೇಳಿರಿ ಎಂದು ಹೆಡ್ ಮಾಸ್ತರರು ನನ್ನನ್ನು ಮುಂದೆ ನಿಲ್ಲಿಸಿದರು. ಕೇಳದೆ ಇರುವುದರಲ್ಲಿ ನಾನು ಎಷ್ಟು ಪಳಗಿದವನೆಂದು ಆ ಸಭೆಯಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಅವಳ ಮುಂದೆ ಇನ್ನೊಂದು ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ನನಗ ದಿಕ್ಕು ತಿಳಿಯೂದಿಲ್ಲ" ಎಂದೆ. "ನಿಮಗ ಇಷ್ಟು ವರ್ಷ ಕೈ ಮಾಡ್ರಿ ಅಂದದ್ದು ಅದಕ್ಕ. ಇವತ್ತ ಎರಡು ಬಾವುಟ ಸಿಕ್ಕದ್ದು ನಮ್ಮ ಮನಿಯವರಿಂದ, ಮೂರನೇದು ಗೊತ್ತಿಲ್ಲದ ಹಂಗ ಸಿಕ್ಕದ್ದು."

ಇಡೀ ಶಾಲೆ ನಕ್ಕು, ಮೊದಲಿಗಿಂತ ಜೋರಾಗಿ ಚಪ್ಪಾಳೆ ತಟ್ಟಿತು. ಹೆಡ್ ಮಾಸ್ತರರು ನನ್ನ ಹೆಗಲ ಮೇಲೆ ಕೈ ಇಟ್ಟು, "ನೋಡ್ರಿ ಹುಡುಗೂರ, ವಿನಯ ಅಂದ್ರ ಇದು. ತಿಳದವರು ಹಿಂಗ ಮಾತಾಡ್ತಾರ" ಎಂದರು. ನಾನು ಇನ್ನೊಮ್ಮೆ ಬಾಯಿ ತೆರೆದೆ. ಅವರು ಅದನ್ನೂ ವಿನಯವೆಂದು ತಡೆದರು.

ಚಪ್ಪಾಳೆ ತಟ್ಟದವಳು ಶಾಂತಾ ಒಬ್ಬಳೇ. ಸೆರಗನ್ನು ಬಾಯಿಗೆ ಒತ್ತಿ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಹದಿನೆಂಟು ವರ್ಷ ನನ್ನೆದುರು ಮರ್ಯಾದೆಯಿಂದ ದನಿ ತಗ್ಗಿಸಿ ಓಡಾಡಿದವಳು ನನ್ನನ್ನು ನೋಡಿ ಹೀಗೆ ನಕ್ಕದ್ದನ್ನು ನಾನು ಅಂದಿನ ತನಕ ಕಂಡಿರಲಿಲ್ಲ. ನನಗೆ ಬಹಳ ಸಂತೋಷವಾಯಿತು.

ಶಾಲೆಯ ಗೇಟಿನ ಹೊರಗೆ ಬಂದು ಅವಳು ನಿಂತಳು. "ಮನಿ ಯಾವ ದಿಕ್ಕಿಗೆ ಐತಿ, ಹೇಳ್ರಿ ನೋಡೂಣು" ಎಂದಳು.

"ಗೊತ್ತಿಲ್ಲ. ಯಾವ ಕಡೆ?" ಎಂದೆ.

ಅವಳು ನನ್ನ ಕೈಯಿಂದ ಬಹುಮಾನದ ಗಂಟನ್ನು ತೆಗೆದುಕೊಂಡು ನಡೆಯತೊಡಗಿದಳು. ನನಗಿಂತ ಒಂದು ಹೆಜ್ಜೆ ಮುಂದೆ ಅಲ್ಲ, ಹಿಂದೆಯೂ ಅಲ್ಲ, ಬಾಜೂಕೆ.