ಚಿತ್ರಕ್ಕೆ ನಾನಿಟ್ಟ ಹೆಸರು

ಕಳೆದ ವಾರ ಸ್ಟುಡಿಯೋದ ಅಟ್ಟ ಖಾಲಿ ಮಾಡುವಾಗ ನೆಗೆಟಿವ್ ಕವರುಗಳ ಕಟ್ಟೊಂದು ಸಿಕ್ಕಿತು. ಬಿಚ್ಚಿದೊಡನೆ ಫಿಲ್ಮ್ ತೊಳೆಯುವ ಹೈಪೋ ದ್ರಾವಣದ ಹಳೆಯ ವಾಸನೆ ಮೂಗಿಗೆ ಬಡಿಯಿತು. ಪ್ರತಿ ಕವರಿನ ಮೇಲೂ ನನ್ನದೇ ಕೈಬರಹ: ಗಿರಾಕಿಯ ಹೆಸರು, ಊರು, ಮನೆಯ ಗುರುತು. ಒಬ್ಬರ ಫೋಟೋ ಇನ್ನೊಬ್ಬರಿಗೆ ಹೋಗಬಾರದೆಂದು, ಎಸ್ಸೆಸ್ಸೆಲ್ಸಿ ಮುಗಿಸಿ ಈ ಕೆಲಸಕ್ಕೆ ಸೇರಿದಾಗಲೇ ಕಲಿತ ಅಭ್ಯಾಸ. ಆ ಅಭ್ಯಾಸವೇ ಮೇಷ್ಟ್ರನ್ನು... ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಈಗ ಬರೆಯುತ್ತಿದ್ದೇನೆ.

ಗುಬ್ಬಿಯ ಶಾಲೆಯೊಂದರಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು ಉಪ್ಪಾರಹಳ್ಳಿಯಲ್ಲಿ, ನನ್ನ ಅಂಗಡಿಯ ಹಿಂದಿನ ಬೀದಿಯಲ್ಲೇ ಇದ್ದರು. ಹೊಲಗಳಲ್ಲಿ ನಿಂತ ವೀರಗಲ್ಲುಗಳನ್ನು ಹುಡುಕುವುದು ಅವರ ಹುಚ್ಚು. 2007ರ ಸುಮಾರಿಗೆ ಅವರಿಗೊಂದು ಬ್ಲಾಗ್ ಮಾಡಿಕೊಟ್ಟೆ. ಬರಹ ಅವರದು, ಫೋಟೋ ತೆಗೆದು, ಚಿಕ್ಕದು ಮಾಡಿ, ಬ್ಲಾಗಿಗೆ ಏರಿಸುವುದು ನನ್ನ ಕೆಲಸ. ಅಡಿಯಲ್ಲಿ ನನ್ನ ಸ್ಟುಡಿಯೋದ ಹೆಸರೂ ಇರುತ್ತಿತ್ತು. ಒಂದು ಚಿತ್ರ ಏರಲು ಕಾಫಿ ಕುಡಿದು ಬರುವಷ್ಟು ಹೊತ್ತು ಹಿಡಿಯುತ್ತಿತ್ತು.

“ನಿನ್ ಕಂಪ್ಯೂಟರ್‌ಗಿಂತ ನಮ್ಮೂರ್ ಎಮ್ಮೆ ವಾಸಿ ಕಣಯ್ಯ, ಕರೆದ್ರೆ ತಿರುಗಾದ್ರೂ ನೋಡುತ್ತೆ,” ಎನ್ನುತ್ತಿದ್ದರು.

ಹುತ್ರಿದುರ್ಗದ ತಪ್ಪಲಿನ ಹೊಲವೊಂದರಲ್ಲಿ ಎದೆಯೆತ್ತರದ ಕಲ್ಲಿತ್ತು. ಹೊಲದೊಡತಿ ಅಜ್ಜಿ ಅದಕ್ಕೆ ದಿನಾ ದೀಪ ಹಚ್ಚುತ್ತಿದ್ದಳು. ಅವಳ ಪಾಲಿಗೆ ಅದು ಕುಲದ ಹಿರಿಯ. ಕ್ಯಾಮೆರಾ ಕಂಡು ಅಡ್ಡ ನಿಂತಳು. ಮೇಷ್ಟ್ರು ಬಹಳ ಹೊತ್ತು ಕೇಳಿಕೊಂಡ ಮೇಲೆ ಒಪ್ಪಿದಳು.

“ತಗೋ ಬುಡಪ್ಪ. ಜಾಗ ಮಾತ್ರ ಯಾರ್ಗೂ ಹೇಳ್ಬ್ಯಾಡ. ನಿಧಿ ಅಗೆಯೋರು ಬಂದ್ರೆ ನಮ್ಮಪ್ಪನ್ನ ಕಿತ್ತಾಕ್ತಾರೆ.”

ಮೇಷ್ಟ್ರು ಕಲ್ಲು ಮುಟ್ಟಿ ಮಾತು ಕೊಟ್ಟರು. ಬರಹದಲ್ಲಿ ಊರಿನ ಹೆಸರು ಬರಲಿಲ್ಲ, ತಾಲ್ಲೂಕಿನದೂ ಬರಲಿಲ್ಲ. ಚಿತ್ರದ ಹಿಂದಿದ್ದ ಬೆಟ್ಟವನ್ನು ಕತ್ತರಿಸಲು ಹೇಳಿದರು, ಕತ್ತರಿಸಿದೆ.

ತಿಂಗಳೊಂದರ ಮೇಲೆ ಒಂದು ಮಧ್ಯಾಹ್ನ ಇಬ್ಬರು ಅಂಗಡಿಗೆ ಬಂದರು. ಪೆನ್ ಡ್ರೈವ್ ಕೊಟ್ಟು, ಅದರಲ್ಲಿರುವ ಫೋಟೋ ದೊಡ್ಡದಾಗಿ ಪ್ರಿಂಟ್ ಬೇಕೆಂದರು. ತೆರೆದರೆ ಅದೇ ಕಲ್ಲು, ಬ್ಲಾಗಿನಿಂದ ಇಳಿಸಿಕೊಂಡದ್ದು. ಚಿತ್ರದ ಕೆಳಗೆ ಫೈಲಿನ ಹೆಸರು, ಇಂಗ್ಲಿಷ್ ಅಕ್ಷರಗಳಲ್ಲಿ ನಾನೇ ಒತ್ತಿದ್ದು: ಹುತ್ರಿದುರ್ಗ, ಅಜ್ಜಿ ಹೊಲ, ಬಾವಿ ಪಕ್ಕ. ಕವರಿನ ಮೇಲೆ ಬರೆಯುವಂತೆಯೇ ಬರೆದಿದ್ದೆ. ಚಿತ್ರದ ಜೊತೆ ಈ ಹೆಸರೂ ಹೋಗುತ್ತದೆಂದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

“ಈ ಬಾವಿ ಯಾವ್ ಕಡೆ ಬರುತ್ತೆ, ಅಣ್ಣ?” ಎಂದ ಒಬ್ಬ.

“ಗೊತ್ತಿಲ್ಲ,” ಎಂದೆ.

“ಇರ್ಲಿ ಬುಡಿ. ಊರ್ ಸಿಕ್ಕಿದ್ಮೇಲೆ ಬಾವಿ ಎಲ್ಲೋಗುತ್ತೆ?” ಎಂದು ನಕ್ಕ. ಇನ್ನೊಬ್ಬ ನಗಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವತ್ತೆಂದು ನೋಡುತ್ತಿದ್ದ.

ಅಮಾವಾಸ್ಯೆಗೆ ಒಂಬತ್ತು ದಿನವಿತ್ತು. ಅವರು ಹೋದೊಡನೆ ಎಲ್ಲ ಚಿತ್ರಗಳನ್ನೂ ತೆಗೆದು, ಬರೀ ಒಂದು, ಎರಡು ಎಂದು ಹೆಸರಿಟ್ಟು ಮತ್ತೆ ಏರಿಸಿದೆ. ಮೇಷ್ಟ್ರಿಗೆ ಹೇಳಲಿಲ್ಲ. ಹೇಳಿದ್ದರೆ ಅಜ್ಜಿಯ ಕಡೆಯವರು ಕಾವಲಾದರೂ ಕೂರುತ್ತಿದ್ದರು. ಮೇಷ್ಟ್ರು ದಿನಾ ಸಂಜೆ ಅಂಗಡಿಗೆ ಬಂದು ಎದುರು ಕೂರುತ್ತಿದ್ದರು. ದಿನಾ ನಾನು ನಾಳೆ ಹೇಳೋಣ ಎಂದುಕೊಳ್ಳುತ್ತಿದ್ದೆ. ಬಯ್ದಾರೆಂಬ ಭಯವಲ್ಲ... ಊರವರು ಮನೆಯ ಹೆಂಗಸರ ಫೋಟೋಗಳನ್ನು ನಂಬಿ ನನ್ನ ಕೈಗೆ ಕೊಡುತ್ತಿದ್ದರು. ಆ ನಂಬಿಕೆ ಹೋದರೆ ಅಂಗಡಿಯೂ ಹೋದಂತೆ. ಒಂಬತ್ತು ದಿನ ಹಾಗೆ ಕಳೆದವು.

ಸುದ್ದಿ ತಿಳಿದು ಮೇಷ್ಟ್ರೂ ನಾನೂ ನನ್ನ ಸ್ಕೂಟರಿನಲ್ಲಿ ಹೋದೆವು. ಕಲ್ಲಿದ್ದಲ್ಲಿ ಆಳುದ್ದದ ಗುಂಡಿ, ಅಂಚಿನಲ್ಲಿ ಕುಂಕುಮ ಬಳಿದ ನಿಂಬೆಹಣ್ಣು. ಕಲ್ಲು ಮೂರು ತುಂಡಾಗಿ ಮಗುಚಿ ಬಿದ್ದಿತ್ತು. ಅಜ್ಜಿ ಅಳಲಿಲ್ಲ.

“ಯಾರ್ಗೂ ಹೇಳಲ್ಲ ಅಂದಿದ್ಯಲ್ಲಪ್ಪ,” ಎಂದಳು ಮೇಷ್ಟ್ರಿಗೆ.

“ನನ್ ಬಾಯಿಂದ್ಲೇ ಎಲ್ಲೋ ಜಾರಿರ್ಬೇಕು, ತಾಯಿ,” ಎಂದರು ಅವರು.

ನಾನು ಪಕ್ಕದಲ್ಲೇ ನಿಂತಿದ್ದೆ.

ಮರುದಿನ ಆ ಮಾತನ್ನೇ ಕ್ಷಮಾಪಣೆಯಾಗಿ ಬರೆದು ತಂದರು. ಬ್ಲಾಗಿಗೆ ಹಾಕಿದವನು ನಾನೇ. ಆಮೇಲೆ ಅವರು ಏನನ್ನೂ ಬರೆಯಲಿಲ್ಲ, ಯಾವ ಹೊಲಕ್ಕೂ ಹೋಗಲಿಲ್ಲ. ಕೆಲವು ವರ್ಷಕ್ಕೆ ತೀರಿಕೊಂಡರು. ಅಜ್ಜಿಯೂ ಈಗಿಲ್ಲ.

ಮೊನ್ನೆ ಬ್ಲಾಗ್ ತೆರೆದೆ. ಇನ್ನೂ ಇದೆ, ಎಲ್ಲಕ್ಕಿಂತ ಮೇಲೆ ಆ ಕ್ಷಮಾಪಣೆ. ತಪ್ಪು ಅವರದಲ್ಲ, ನನ್ನದು ಎಂದು ತಿದ್ದಲು ಪಾಸ್‌ವರ್ಡ್ ಒತ್ತಿದೆ. ಅಷ್ಟು ಸಾಲದಂತೆ. ಖಾತೆ ನಿಮ್ಮದೇ ಎಂದು ತೋರಿಸಲು, ನಿಮ್ಮ ಮೊಬೈಲಿಗೆ ಕಳಿಸಿರುವ ಆರು ಅಂಕಿಗಳನ್ನು ಬರೆಯಿರಿ ಎಂದು ಬಂತು. ಕೆಳಗೆ ಆ ಮೊಬೈಲಿನ ಕೊನೆಯೆರಡು ಅಂಕಿ ಮಾತ್ರ ಕಾಣುತ್ತಿದ್ದವು, ಮೇಷ್ಟ್ರ ನಂಬರಿನವು.