ಖಾಜಿ ತಿಂದ ಬನ್ನು

ಒಂದು ಕಡೆಯವರ ಬನ್ನು ತಿಂದ ಬಾಯಲ್ಲಿ ನ್ಯಾಯ ಹೇಳಬಾರದು. ಇದು ನನಗೆ ತಿಳಿಯದ್ದಲ್ಲ. ಇಂಥದ್ದನ್ನು ಓದಿ ಬರೆಯುವುದಕ್ಕೇ ಸ್ವೀಡನ್ನಿನ ಓರೆಬ್ರೂ ವಿಶ್ವವಿದ್ಯಾಲಯದಲ್ಲಿ ನನಗೆ ಸಂಬಳ ಕೊಡುತ್ತಾರೆ. ಹಳೆಯ ಪರ್ಷಿಯನ್ ಸಾಹಿತ್ಯದಲ್ಲಿ ಇಸ್ಲಾಮಿ ಕಾನೂನಿನ ನ್ಯಾಯ ಹೇಗೆ ಕಾಣುತ್ತದೆ ಎನ್ನುವುದು ನನ್ನ ಸಂಶೋಧನೆ. ಅದರಿಂದೇನು ಉಪಯೋಗ ಎಂದು ಊರಿನವರು ಕೇಳಿದರೆ, ಫಿರ್ಯಾದು, ತಕರಾರು, ವಕೀಲ, ರಾಜಿ ಎಂಬ ಪದಗಳೆಲ್ಲ ನಮಗೆ ಆ ಕಡೆಯಿಂದಲೇ ಬಂದವು ಎಂದು ಬಾಯಿ ಮುಚ್ಚಿಸುತ್ತೇನೆ.

ನಮ್ಮ ಅಪಾರ್ಟ್‌ಮೆಂಟಿನವರು ಈ ಪಾಂಡಿತ್ಯವನ್ನು ನಂಬಿ ನನ್ನನ್ನು ಸಮಿತಿಗೆ ಸೇರಿಸಿ, ಬಟ್ಟೆ ಒಗೆಯುವ ಕೋಣೆಯ ಉಸ್ತುವಾರಿ ವಹಿಸಿದರು. ಇಡೀ ಕಟ್ಟಡಕ್ಕೆ ನೆಲಮಾಳಿಗೆಯಲ್ಲಿ ಒಂದೇ ಕೋಣೆ; ಸರದಿ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಲಿಫ್ಟಿನಲ್ಲಿ ಸಿಕ್ಕರೂ ಮಾತಾಡದ ಸ್ವೀಡನ್ನಿನ ಜನ ಜಗಳಕ್ಕೆ ನಿಲ್ಲುವುದು ಆ ಸರದಿಗಾಗಿ ಮಾತ್ರ.

ಮೊನ್ನೆ ಮೊದಲ ಮಹಡಿಯ ಇಂಗ್ರಿಡ್ ಅಜ್ಜಿ ಫೀಕಾ ಎಂಬ ಇಲ್ಲಿಯ ಕಾಫಿ ಕೂಟಕ್ಕೆ ಕರೆದರು. ಕಾಫಿ, ದಾಲ್ಚಿನ್ನಿ ಬನ್ನು. ಬೇಡ ಅಂದರೆ ಅವಮಾನ. ಜೊತೆಗೆ ದೂರು: ಡ್ರೈಯರಿನಲ್ಲಿದ್ದ ತಮ್ಮ ಹೊದಿಕೆಗಳನ್ನು ಕಾವ್ಯ ಒದ್ದೆ ಒದ್ದೆಯಾಗಿಯೇ ಎತ್ತಿ ಎಸೆದಿದ್ದಾಳೆ. ಕಾವ್ಯ ದಾವಣಗೆರೆಯ ಹುಡುಗಿ, ಪಿಎಚ್‌ಡಿ ಮಾಡುತ್ತಾ ಮೂರನೇ ಮಹಡಿಯಲ್ಲಿ ಕೋಣೆ ಬಾಡಿಗೆ ಹಿಡಿದವಳು. ಸಮಿತಿಯಿಂದ ಎಚ್ಚರಿಕೆ ಹೋದರೆ ಮನೆ ಮಾಲೀಕರು ಖಾಲಿ ಮಾಡಿಸುತ್ತಾರೆ. ಈ ಚಳಿಗಾಲದಲ್ಲಿ ಇನ್ನೊಂದು ಸಿಗುವುದು ಅಷ್ಟರಲ್ಲೇ ಇದೆ. ಆದರೂ ಎರಡನೇ ಬನ್ನು ಮುಗಿಯುವಷ್ಟರಲ್ಲಿ ತಪ್ಪು ಹುಡುಗಿಯದೇ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ಮೆಟ್ಟಿಲು ಹತ್ತುವಾಗ ನಾನು ಓದುವ ಪರ್ಷಿಯನ್ ಕಥೆಗಳು ನೆನಪಾದವು. ಖಾಜಿಯಾದವನು ಇಬ್ಬರ ಮಾತನ್ನೂ ಕೇಳಬೇಕು, ಇಬ್ಬರನ್ನೂ ಸಮನಾಗಿ ಕೂರಿಸಬೇಕು, ಒಬ್ಬರ ಆತಿಥ್ಯ ಮಾತ್ರ ಪಡೆಯಬಾರದು. ಸಿಟ್ಟಿನಲ್ಲಿ, ಹಸಿವಿನಲ್ಲಿ ತೀರ್ಪು ಕೊಡಬಾರದು. ಆ ಕಥೆಗಳಲ್ಲಿ ಸುಲ್ತಾನನ ಮೇಲೇ ಫಿರ್ಯಾದು ಬಂದರೆ ಅವನೂ ಎಲ್ಲರ ಹಾಗೆ ಬಂದು ನಿಲ್ಲಬೇಕು. ಖಾಜಿ ಎದ್ದು ಗೌರವ ತೋರಿಸುವ ಹಾಗಿಲ್ಲ. ಇಷ್ಟೆಲ್ಲ ಪಾಠ ಹೇಳುವವನು ಎರಡು ಬನ್ನಿಗೆ ಬಿದ್ದುಹೋದೆನಲ್ಲ!

ಸರಿ, ಪರಿಹಾರಕ್ಕೆಂದು ಕಾವ್ಯಳ ಕೋಣೆಗೂ ಹೋಗಿ ಚಿತ್ರಾನ್ನ ತಿಂದೆ.

"ಸರ್, ನಾನ್ ಬಿಸಾಕ್ಲಿಲ್ಲ. ಅವ್ರ ಟೈಮ್ ಮುಗ್ದು ನನ್ ಟೈಮ್ ಸ್ಟಾರ್ಟ್ ಆಗಿತ್ತು. ನೀಟಾಗಿ ಬುಟ್ಟೀಲಿ ಇಟ್ಟೆ. ಪ್ಲೀಸ್ ಸರ್, ಈ ರೂಮ್ ಹೋದ್ರೆ ನಾನ್ ಎಲ್ಲಿಗ್ ಹೋಗ್ಲಿ?" ಎಂದಳು. ಕಣ್ಣು ತುಂಬಿತ್ತು. ನನಗೆ ಪಾಪ ಅನ್ನಿಸಿತು. ಆಗಲೇ ತಪ್ಪೆಲ್ಲ ಅಜ್ಜಿಯದೇ ಎಂದು ತೋರತೊಡಗಿತು. ಹೊಟ್ಟೆಯೇನೋ ಸಮವಾಯಿತು, ಮನಸ್ಸು ಆಗಲಿಲ್ಲ.

ತೀರ್ಪಿಗಿಂತ ರಾಜಿ ಮೇಲು ಎಂದು ಖಾಜಿಗಳೂ ಒಪ್ಪುತ್ತಿದ್ದರು. ಹಾಗಾಗಿ ಇಬ್ಬರನ್ನೂ ಒಗೆಯುವ ಕೋಣೆಗೇ ಕರೆದು ಒಂದೇ ಬೆಂಚಿನ ಮೇಲೆ ಕೂರಿಸಿ, ಪಕ್ಕದಲ್ಲಿ ನಾನೂ ಕೂತೆ. ಅಜ್ಜಿ ಬನ್ನಿನ ಡಬ್ಬಿ ತಂದಿದ್ದರು. ಹೊದಿಕೆಗಳನ್ನು ಅಷ್ಟು ಹೊತ್ತು ಹಾಕಿಟ್ಟರೂ ಯಾಕೆ ಒಣಗಲಿಲ್ಲ ಎಂದು ಕಾವ್ಯ ತನ್ನ ಅರೆಬರೆ ಸ್ವೀಡಿಷ್‌ನಲ್ಲಿ ಕೇಳಿದಳು. ನನಗೆ ಹೊಳೆಯದ ಪ್ರಶ್ನೆ. ಅಜ್ಜಿ ಎದ್ದು ಡ್ರೈಯರಿನ ಜಾಲರಿಯನ್ನು ಹೊರಗೆಳೆದರು. ಬಟ್ಟೆಯಿಂದ ಉದುರಿದ ಕೆಂಪು ನೂಲು ಕಂಬಳಿಯಷ್ಟು ದಪ್ಪಗೆ ಕೂತು ಬಿಸಿಗಾಳಿಯನ್ನು ತಡೆದಿತ್ತು.

ಸರದಿ ಮುಗಿಸಿದವರು ಜಾಲರಿ ಶುಚಿ ಮಾಡಿ ಹೋಗಬೇಕು. ಗೋಡೆಯ ಮೇಲೆ ಆ ಸೂಚನೆ ಅಂಟಿಸಿದವನು ನಾನೇ. ಆ ದಿನ ಅಜ್ಜಿಗಿಂತ ಮುಂಚಿನ ಸರದಿ ನನ್ನದು. ಊರಿಂದ ತಂದ ನನ್ನ ಕೆಂಪು ಟವೆಲುಗಳು ಕಟ್ಟಡಕ್ಕೆಲ್ಲ ಪರಿಚಿತ.

ಅಜ್ಜಿ ಡಬ್ಬಿ ತೆರೆದು ಕಾವ್ಯಳಿಗೊಂದು ಬನ್ನು ಕೊಟ್ಟು, ತಾವೊಂದು ತೆಗೆದುಕೊಂಡು, ಮುಚ್ಚಳ ಹಾಕಿದರು. ದೂರು ಅಲ್ಲಿಗೆ ಮುಗಿಯಿತು, ಹುಡುಗಿಯ ಕೋಣೆ ಉಳಿಯಿತು. ಇಬ್ಬರೂ ಅಗಿಯುತ್ತಾ ನನ್ನನ್ನೇ ನೋಡಿದರು. ನಾನು ಬೆಂಚಿನಿಂದ ಎದ್ದು ಎದುರಿಗೆ ಬಂದು ನಿಂತೆ. ಖಾಜಿಗಳಿಬ್ಬರೂ ಏಳಲಿಲ್ಲ.