ಪೂರಾ ಜಾಗ

ಹಾಲಿನಲ್ಲಿ ನೀರು, ಆಟೋ ಮೀಟರಿನಲ್ಲಿ ಮೋಸ, ಸುಮ್ಮನೆ ನಕ್ಕವರ ನಗೆಯಲ್ಲೂ ಏನೋ ಹುನ್ನಾರ! ವೇದವತಿಯ ಕಣ್ಣಿಗೆ ಇವೆಲ್ಲ ಬೇಗ ಬೀಳುತ್ತಿದ್ದವು. ಸನತ್‌ನಗರದ ಮನೆಯಿಂದ ಬಸ್ಸು ಹಿಡಿದು ಸಿಕಂದರಾಬಾದಿನ ಸಾಫ್ಟ್‌ವೇರ್ ಕಂಪನಿಗೆ ಬಂದು ಸರ್ವರ್ ಕಾಯುವವಳು ಅವಳು. ಕಾಯುವವರಿಗೆ ಅನುಮಾನ ಇರಲೇಬೇಕು ಎಂದುಕೊಂಡಿದ್ದಳು.

ಟಿಮಕ್ಸ್ ಎಂಬ ಪ್ರೋಗ್ರಾಮಿನಲ್ಲಿ ಒಂದೇ ಪರದೆಗೆ ಗೆರೆ ಎಳೆದು ಭಾಗ ಮಾಡಿ, ಒಂದೊಂದರಲ್ಲಿ ಒಂದೊಂದು ಕೆಲಸ ಓಡಿಸಬಹುದು. ಆ ಪರದೆಯನ್ನು ಇಬ್ಬರು ತಮ್ಮ ತಮ್ಮ ಮೇಜಿನಿಂದಲೇ ನೋಡಬಹುದು, ನಡೆಸಬಹುದು. ಆಳಂದದಿಂದ ಬಂದ ಚಂದ್ರಾಮನಿಗೆ ಇದನ್ನು ಕಲಿಸಿದವಳು ಅವಳೇ. ಈಗ ಶಿಫ್ಟಿನ ಮುಖ್ಯಸ್ಥರ ಹುದ್ದೆ ಅವರಿಬ್ಬರಲ್ಲಿ ಒಬ್ಬರಿಗೆ ಎಂದು ಮ್ಯಾನೇಜರ್ ಪದ್ಮನಾಭ ಹೇಳಿದ್ದರು.

ಅಂದು ಮಧ್ಯಾಹ್ನ ಕಾರಿಡಾರಿನಲ್ಲಿ ಚಂದ್ರಾಮ ಪದ್ಮನಾಭರೊಂದಿಗೆ ಫೋನಿನಲ್ಲಿದ್ದ.

"ಅಕ್ಕಾರನ್ನ ತಗದ್ರ ನನಗ ಪೂರಾ ಜಾಗ ಸಿಗತೈತ್ರಿ ಸರ್. ಅವರು ಮನಿಗೆ ಹೋದ ಮ್ಯಾಲ ತಗಿತೀನಿ, ಅವರಿಗೆ ಗೊತ್ತೂ ಆಗಂಗಿಲ್ಲ."

ಹಾದುಹೋಗುತ್ತಿದ್ದ ವೇದವತಿಯ ಕಿವಿಗೆ ಇದು ಬಿತ್ತು. ಎಲಾ ಇವನ! ಕಲಿಸಿದವಳ ಬುಡಕ್ಕೇ ಕೊಡಲಿ! ನೇರ ತನ್ನ ಮೇಜಿಗೆ ಹೋದಳು. ಇಬ್ಬರೂ ಹಂಚಿಕೊಂಡಿದ್ದ ಪರದೆಯ ಬಲಭಾಗದಲ್ಲಿ ಚಂದ್ರಾಮ ಹಚ್ಚಿಟ್ಟಿದ್ದ ಕೆಲಸ ಗಿರಾಕಿಯೊಬ್ಬರ ಮಾಹಿತಿಯನ್ನು ಹೊಸ ಸರ್ವರಿಗೆ ಕಾಪಿ ಮಾಡುತ್ತಿತ್ತು. ಅವಳು ಆ ಭಾಗವನ್ನೇ ಮುಚ್ಚಿಬಿಟ್ಟಳು. ಕಾಪಿ ಅಲ್ಲಿಗೇ ನಿಂತಿತು. ಎಡಗಡೆಯ ಅವಳ ಭಾಗ ಹಿಗ್ಗಿ ಪರದೆ ತುಂಬಿಕೊಂಡಿತು.

ಚಂದ್ರಾಮ ಬಂದವನೇ ಕಕ್ಕಾಬಿಕ್ಕಿಯಾದ. "ನನ್ನ ಕಾಪಿ ಎಲ್ಲಿ ಹೋತ್ರಿ ಅಕ್ಕಾರ?"

"ಜಾಗ ಬೇಕಿತ್ತಲ್ಲಪ್ಪಾ ನಿನಗ? ಸರ್‌ಗೆ ಹೇಳಾಕತ್ತಿದ್ದಿ!"

"ಹೌದ್ರಿ, ಪರದೆದಾಗ," ಎಂದು ತನ್ನ ದೊಡ್ಡ ಮಾನಿಟರ್ ತೋರಿಸಿದ. ಮೇಲೆ ಎಡ ಮೂಲೆಯಲ್ಲಿ ಒಂದಿಷ್ಟು ಅಕ್ಷರ, ಉಳಿದದ್ದೆಲ್ಲ ಬರೀ ಚುಕ್ಕಿ. "ನಿಮ್ಮ ಮಾನಿಟರ್ ಸಣ್ಣದ್ರಿ. ಇಬ್ಬರೂ ಕೂಡಿದಾಗ ಸಣ್ಣದರ ಅಳತಿನೇ ಇಬ್ಬರಿಗೂ. ನೀವು ಹೋದ ಮ್ಯಾಲ ನಿಮ್ಮ ಕನೆಕ್ಷನ್ ತಗಿಲೇನ್ರಿ ಅಂತ ಸರ್‌ಗೆ ಕೇಳಿದ್ದೆ."

ಅಷ್ಟರಲ್ಲಿ ಪದ್ಮನಾಭರೇ ಬಂದರು. ಗಿರಾಕಿಯ ಫೋನ್ ಬಂದಿತ್ತು. "ಕಾಪಿ ನಿಲ್ಲಿಸಿದ್ದು ಯಾರು?"

"ನನ್ನ ಕೈ ತಪ್ಪಿರಬೇಕ್ರಿ ಸರ್," ಎಂದ ಚಂದ್ರಾಮ. "ಅಕ್ಕಾರು ನನ್ನ ಕೆಲಸಕ್ಕ ಕೈ ಹಚ್ಚೋರಲ್ಲ."

ವೇದವತಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ನಾನ ನಿಲ್ಲಿಸೀನ್ರಿ ಸರ್. ಬೇಕಂತನ," ಎಂದಳು.

ಹುದ್ದೆ ಚಂದ್ರಾಮನಿಗೆ ಹೋಯಿತು. ಅವನು ಕೇಳಿರದ ಜಾಗವನ್ನು ಅವಳೇ ಕೈಯಾರೆ ಕೊಟ್ಟಿದ್ದಳು.